ಆಟಕ್ಕುಂಟು, ಲೆಕ್ಕಕ್ಕೆ?

ಶಿಶುಶಿಕ್ಷಣದ ಮಾತು ಬಂದಾಗ ವಿವಿಯನ್ ಗಸಿನ್ ಪೇಲಿ ಹೆಸರಿನ ಬೆನ್ನಿಗೇ ಅವರ ಒಂದು ನಿಯಮವೂ ಬರುತ್ತದೆ: ‘ನೀನು ಆಟಕ್ಕೆ ಬರಬೇಡ’ ಎಂದು ಯಾರೂ ಯಾರಿಗೂ ಹೇಳುವಂತಿಲ್ಲ. 1992ರಲ್ಲಿ ಅದರ ಮೇಲೆಯೇ ಒಂದು ಪುಸ್ತಕ ಬರೆದು ಪೇಲಿ ಹೆಸರಾದರು. ಆದರೆ ಅವರ ಜೀವಮಾನದ ಕೆಲಸದಲ್ಲಿ ಆ ನಿಯಮಕ್ಕೆ ನಾನು ಕೊಡುವುದು ಎರಡನೆಯ ಸ್ಥಾನ. ಮೊದಲನೆಯದು, ಅದಕ್ಕಿಂತ ಎಷ್ಟೋ ಮುಂಚೆ ಅವರು ತರಗತಿಯ ನಡುವೆ ಆಡಿಸತೊಡಗಿದ ಪುಟ್ಟ ನಾಟಕಗಳಿಗೆ.

1929ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಪೇಲಿ 37 ವರ್ಷ ಪುಟ್ಟ ಮಕ್ಕಳಿಗೆ ಪಾಠ ಹೇಳಿದರು. ಅದರಲ್ಲಿ ಬಹುಪಾಲು ಶಿಕಾಗೋ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ, ಅಂದರೆ 1896ರಲ್ಲಿ ಜಾನ್ ಡ್ಯೂಯಿ ತೆರೆದ ಶಾಲೆಯಲ್ಲಿ. 1989ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂದಾಗಲೂ ಅವರು ಕಿಂಡರ್‌ಗಾರ್ಟನ್ ಟೀಚರೇ.

ನಾಟಕದ ಕ್ರಮ ತೀರಾ ಸರಳ. ಮಗು ಪಕ್ಕದಲ್ಲಿ ಕೂತು ಕಥೆ ಹೇಳುತ್ತದೆ. ಟೀಚರ್ ಅದರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಎರಡೇ ಸಾಲಿನ ಕಥೆಯಾದರೂ ಸರಿ. ಆಮೇಲೆ ಎಲ್ಲರೂ ಸುತ್ತ ಕೂರುತ್ತಾರೆ, ಟೀಚರ್ ಓದುತ್ತಾರೆ, ಮಕ್ಕಳು ನಡುವೆ ಬಂದು ಹುಲಿಯೋ ಅಮ್ಮನೋ ಆಗುತ್ತಾರೆ. 1990ರ ಪುಸ್ತಕವೊಂದರಲ್ಲಿ ಜೇಸನ್ ಎಂಬ ಹುಡುಗ ಬರುತ್ತಾನೆ. ಅವನು ಸದಾ ಹೆಲಿಕಾಪ್ಟರ್. ರೆಕ್ಕೆ ಮುರಿದಿದೆ ಅನ್ನುತ್ತಾನೆ, ರಿಪೇರಿಗೆ ಕೂರುತ್ತಾನೆ, ಯಾರ ಆಟಕ್ಕೂ ಸೇರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವನ ಕೈಯಿಂದ ಹೆಲಿಕಾಪ್ಟರ್ ಕಿತ್ತಿಡುವುದರಿಂದಲೇ ಶುರು ಮಾಡುತ್ತಿದ್ದರೇನೋ. ಪೇಲಿ ಹಾಗೆ ಮಾಡಲಿಲ್ಲ. ಉಳಿದ ಮಕ್ಕಳೇ ತಮ್ಮ ಕಥೆಗಳಲ್ಲಿ ಅದು ಇಳಿಯಲು ಒಂದಿಷ್ಟು ಜಾಗ ಮಾಡಿಕೊಡುತ್ತ ಹೋದರು. ಅವನಿಗೆ ರೋಗದ ಹೆಸರೊಂದನ್ನು ಅಂಟಿಸದೆ ಇಡೀ ಪುಸ್ತಕ ಮುಗಿಸಿರುವುದು ಸಣ್ಣ ಸಂಯಮವಲ್ಲ.

ಇದರ ಬೆನ್ನಿಗಿದ್ದದ್ದು ಟೇಪ್ ರೆಕಾರ್ಡರ್. ತರಗತಿಯ ಮಾತನ್ನೆಲ್ಲ ಧ್ವನಿಮುದ್ರಿಸಿ, ಕೇಳಿ, ಬರೆದಿಡುವುದನ್ನು ಪೇಲಿ ರೂಢಿ ಮಾಡಿಕೊಂಡರು. ಮಗು ಎಲ್ಲಿ ಗಲಿಬಿಲಿಗೊಂಡಿತು, ತಾವು ಎಲ್ಲಿ ಅದರ ಮಾತು ಕತ್ತರಿಸಿದರು ಎಂಬುದೆಲ್ಲ ಆಗ ಗೊತ್ತಾಗುತ್ತಿತ್ತು. ತನ್ನನ್ನೇ ಹೀಗೆ ತಪಾಸಣೆಗೆ ಒಡ್ಡಿಕೊಳ್ಳುವ ಗುಣ 1979ರ ‘ವೈಟ್ ಟೀಚರ್’ನಲ್ಲೇ ಇದೆ: ಮಕ್ಕಳ ಬಣ್ಣವನ್ನು ಕಂಡೂ ಕಾಣದಂತಿರುವುದೇ ದೊಡ್ಡತನ ಎಂಬ ನಂಬಿಕೆಯನ್ನು ಅಲ್ಲಿ ಅವರು ಬಿಟ್ಟುಕೊಡುತ್ತಾರೆ. ಆದರೂ ಒಂದು ಅನುಮಾನ ನನಗೆ ಹೋಗಿಲ್ಲ. ಪೇಲಿಯ ಪುಸ್ತಕಗಳಲ್ಲಿ ಐದು ವರ್ಷದ ಮಕ್ಕಳು ಆಡುವ ಮಾತು ಕೆಲವೊಮ್ಮೆ ತೀರಾ ಹದವಾಗಿರುತ್ತದೆ. ಯಂತ್ರ ಎಲ್ಲವನ್ನೂ ಹಿಡಿದಿರಬಹುದು, ಪುಟಕ್ಕೆ ಬರುವುದನ್ನು ಆರಿಸಿದ್ದು ಟೀಚರಮ್ಮನ ಕೈ.

ಇನ್ನು ಆ ನಿಯಮ. ಜಾರಿಗೆ ತರುವ ಮೊದಲು ಪೇಲಿ ಐದನೇ ತರಗತಿಯವರೆಗಿನ ಮಕ್ಕಳನ್ನು ಕೇಳಿ ಬಂದರು. ದೊಡ್ಡವರಿಗೆ ನಿಯಮ ನ್ಯಾಯವೆನಿಸಿತು, ನಡೆಯುತ್ತದೆಂಬ ನಂಬಿಕೆ ಮಾತ್ರ ಇರಲಿಲ್ಲ. ಪೇಲಿಯ ತರಗತಿಯ ಲೀಸಾ ಎಂಬ ಹುಡುಗಿಯಂತೂ, ಯಾರನ್ನು ಬೇಕಾದರೂ ಸೇರಿಸಿಕೊಳ್ಳಲೇಬೇಕೆಂದರೆ ಆಟ ಯಾಕೆ ಎಂದು ಜಗಳಕ್ಕೇ ನಿಂತಳು. ಅವಳ ಕಡೆಗೂ ನ್ಯಾಯವಿದೆ. ನಮ್ಮ ಬೀದಿಗಳಲ್ಲಿ ಅಮ್ಮನ ಒತ್ತಾಯಕ್ಕೆ ಸೇರಿಸಿಕೊಂಡ ತಮ್ಮ ದಿನವಿಡೀ ಓಡಾಡಿದರೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಾಗಿಲು ತೆರೆಸುವುದಷ್ಟೇ ಕಾನೂನಿನ ಅಳವು. ಒಳಗೆ ಬಂದ ಮಗುವಿಗೆ ಸಿಕ್ಕುವ ಪಾತ್ರ ಯಾವುದು?

ಉತ್ತರ ಪೇಲಿಯ ಪುಸ್ತಕದಲ್ಲೇ ಇದೆ. ಮೊದಲೆಲ್ಲ ಕಥೆ ಹೇಳಿದವರು ತಮ್ಮ ಗೆಳೆಯರಿಗೇ ಪಾತ್ರ ಕೊಡುತ್ತಿದ್ದರು. ನಿಯಮ ಬಂದ ಮೇಲೆ ಸರದಿ ಪ್ರಕಾರ ಪಾತ್ರ. ನಿಯಮ ಸಾರ್ಥಕವಾದದ್ದು ಅಲ್ಲಿ, ಯಾಕೆಂದರೆ ಅಲ್ಲಿ ಸೇರಿದವನಿಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಇದೆಲ್ಲ ಉಳ್ಳವರ ಖಾಸಗಿ ಶಾಲೆಯ ವೈಭೋಗ ಎಂಬ ಟೀಕೆ ಅರ್ಧ ಸರಿ. ಬಾಸ್ಟನ್ನಿನ ಸರ್ಕಾರಿ ಶಾಲೆಗಳೂ ಈ ಕ್ರಮವನ್ನು ಕೈಗೆತ್ತಿಕೊಂಡಿವೆ. ಬೇಕಾದದ್ದು ಒಂದು ಪೆನ್ನು, ಒಂದು ನೋಟ್‌ಬುಕ್ಕು. ಉಳಿದರ್ಧ ನಿಜವಾಗುವುದು ನಮ್ಮ ಅಂಗನವಾಡಿಯಲ್ಲಿ. ಮಕ್ಕಳ ತೂಕ, ಗರ್ಭಿಣಿಯರ ಲೆಕ್ಕ, ಆಹಾರ ವಿತರಣೆ ಎಂದು ಕಾರ್ಯಕರ್ತೆಯ ಮುಂದೆ ರಿಜಿಸ್ಟರುಗಳು ರಾಶಿ ಬಿದ್ದಿರುತ್ತವೆ. ಮಗುವೊಂದು ಪಕ್ಕಕ್ಕೆ ಬಂದು ‘ಒಂದೂರಲ್ಲಿ ಒಂದು ನಾಯಿ’ ಎಂದು ಶುರುಮಾಡಿದರೆ ಬರೆದುಕೊಳ್ಳಲು ಅವರಿಗೆ ಪೆನ್ನಿದೆ, ಹೊತ್ತಿಲ್ಲ. ಎಲ್‌ಕೆಜಿಯಲ್ಲಿ ಹೊತ್ತೂ ಇದೆ, ಆದರೆ ಅಲ್ಲಿ ಪೆನ್ಸಿಲ್ ಹಿಡಿದು ಕಾಪಿ ಬರೆಯಬೇಕಾದದ್ದು ಮಗುವೇ.