ಹೊಸ್ತಿಲಲ್ಲಿ ಕುಳಿತ ಮೂವರು: ‘ಸ್ಟಾಕರ್’ ಮತ್ತು ಬೇಸರದ ಪ್ರಶ್ನೆ

ಆಂದ್ರೇ ತಾರ್ಕೋವ್‌ಸ್ಕಿ ನಿರ್ದೇಶಿಸಿದ ‘ಸ್ಟಾಕರ್’ (1979) ಚಲನಚಿತ್ರವನ್ನು ಕುರಿತು ಕೇಳಿಬರುವ ಅಭಿಪ್ರಾಯಗಳು ಹೆಚ್ಚಾಗಿ ಎರಡೇ: ಅದು ಅದ್ಭುತ, ಇಲ್ಲವೇ ಅಸಹನೀಯ ಬೇಸರ. ಸುಮಾರು 160 ನಿಮಿಷ ನಡೆಯುವ ಈ ಚಿತ್ರದಲ್ಲಿ ಶಾಟ್‌ಗಳ ಸಂಖ್ಯೆ 150ನ್ನೂ ಮುಟ್ಟುವುದಿಲ್ಲ. ನಮ್ಮ ವಲಯದ ವಿಮರ್ಶಕರು ಸಾಮಾನ್ಯವಾಗಿ ಮೊದಲನೆಯ ಪಕ್ಷದವರು. ನಿಧಾನಗತಿಯೇ ಧ್ಯಾನ, ಧ್ಯಾನವೇ ಪ್ರಾರ್ಥನೆ, ಆದಕಾರಣ ಈ ಚಿತ್ರವೂ ಪ್ರಾರ್ಥನೆ ಎಂಬ ಸುಲಭ ಸರಪಣಿಯನ್ನು ಹೆಣೆದುಬಿಡುತ್ತೇವೆ. ನಾನೂ ಈ ಚಿತ್ರವನ್ನು ಶ್ರೇಷ್ಠವೆಂದೇ ಎಣಿಸುವವನು. ಆದರೆ ಆ ಸರಪಣಿಯನ್ನು ಹಿಡಿದಲ್ಲ. ಆ ತರ್ಕ ನಿಲ್ಲುವುದಾದರೆ ಒಂದು ಗಂಟೆಯ ನೀರಸ ಪ್ರಸಂಗವನ್ನೂ ಅದೇ ಕಾರಣಕ್ಕೆ ಸಮರ್ಥಿಸಬೇಕಾದೀತು.

ಕಥೆ ಬಲು ಸರಳ. ನಿಷೇಧಿತವಾದ ಒಂದು ‘ವಲಯ’. ಅದರ ನಡುವೆ ಒಂದು ಕೋಣೆ. ಒಳಹೊಕ್ಕವನ ಅಂತರಾಳದ ಆಸೆಯನ್ನು ಅದು ಈಡೇರಿಸುತ್ತದಂತೆ. ಸ್ಟಾಕರ್ ಎಂಬ ಬಡ ಮಾರ್ಗದರ್ಶಿ ಒಬ್ಬ ಲೇಖಕನನ್ನೂ ಒಬ್ಬ ವಿಜ್ಞಾನಿಯನ್ನೂ ಅಲ್ಲಿಗೆ ಕರೆದೊಯ್ಯುತ್ತಾನೆ. ಮೂಲ ಸ್ಟ್ರುಗಾಟ್‌ಸ್ಕಿ ಸಹೋದರರ 1972ರ ಕಾದಂಬರಿ. ಅದರಲ್ಲಿ ಅನ್ಯಲೋಕದವರು ಬಿಟ್ಟುಹೋದ ವಿಚಿತ್ರ ವಸ್ತುಗಳು, ಕಣ್ಣೆದುರೇ ಕೊಲ್ಲುವ ಅಪಾಯಗಳು ತುಂಬಿವೆ. ತಾರ್ಕೋವ್‌ಸ್ಕಿ ಅವನ್ನೆಲ್ಲ ಬಹುಮಟ್ಟಿಗೆ ಅಳಿಸಿಹಾಕಿದ್ದಾನೆ. ಉಳಿದದ್ದು ಹುಲ್ಲು, ನೀರು, ತುಕ್ಕು ಹಿಡಿದ ಕಬ್ಬಿಣ.

ಚಿತ್ರ ಏಕೆ ನಿಧಾನವಾಗಿದೆ ಎಂಬುದಕ್ಕೆ ಉತ್ತರ ಇರುವುದು ಈ ಅಳಿಸುವಿಕೆಯಲ್ಲಿಯೇ. ಸ್ಟಾಕರ್ ಬಟ್ಟೆಯ ಪಟ್ಟಿ ಕಟ್ಟಿದ ನಟ್ಟನ್ನು ಎಸೆಯುತ್ತಾನೆ. ಅದು ಬಿದ್ದ ಕಡೆಗೆ ಒಬ್ಬೊಬ್ಬರಾಗಿ ನಡೆಯಬೇಕು. ನೇರದಾರಿ ಹಿಡಿದವನಿಗೆ ಮರಣ ಎನ್ನುತ್ತಾನೆ. ಆದರೆ ಯಾರೂ ಸಾಯುವುದಿಲ್ಲ. ಬಿಟ್ಟುಬಂದ ಚೀಲಕ್ಕಾಗಿ ಹಿಂದಿರುಗಿದ ವಿಜ್ಞಾನಿ ಗತಿಸಿದನೆಂದು ಸ್ಟಾಕರ್ ಮರುಗಿದರೆ, ಬಳಸಿಕೊಂಡು ಬಂದವರಿಗಿಂತ ಮುಂಚೆಯೇ ಆತ ನಿಶ್ಚಿಂತೆಯಿಂದ ಕುಳಿತಿರುತ್ತಾನೆ. ಅಪಾಯ ನಿಜವೋ, ಮಾರ್ಗದರ್ಶಿಯ ಕಲ್ಪನೆಯೋ? ಚಿತ್ರ ಒಂದು ಸಾಕ್ಷ್ಯವನ್ನೂ ಕೊಡುವುದಿಲ್ಲ. ಆತನನ್ನು ನಂಬುವ ಪ್ರೇಕ್ಷಕನಿಗೆ ಹುಲ್ಲಿನ ಒಂದೊಂದು ಅಲುಗಾಟವೂ ಭಯಂಕರ. ನಂಬದವನಿಗೆ ನಡುವಯಸ್ಸಿನ ಮೂವರು ಬಯಲಲ್ಲಿ ಅಡ್ಡಾಡುತ್ತಿದ್ದಾರೆ, ಅಷ್ಟೇ. ಅದ್ಭುತವೋ ಬೇಸರವೋ ಎಂಬ ನಮ್ಮ ಪ್ರಶ್ನೆ ಹೀಗೆ ಚಿತ್ರದ ಹೊರಗಿನದಾಗಿ ಉಳಿಯುವುದಿಲ್ಲ. ಮೂವರು ಪಾತ್ರಗಳ ನಡುವೆ ನಡೆಯುತ್ತಿರುವ ವಾದವೂ ಅದೇ.

ಇದರ ಸೂಕ್ಷ್ಮ ರೂಪ ಎಮ್ಮಾಹು ದಾರಿಯ ಪ್ರಸ್ತಾಪದಲ್ಲಿದೆ. ಪ್ರಯಾಣಿಕರಿಬ್ಬರೂ ದಣಿದು ನಿದ್ರಿಸಿರುವಾಗ ಸ್ಟಾಕರ್ ಲೂಕನ ಸುವಾರ್ತೆಯ 24ನೆಯ ಅಧ್ಯಾಯದ ಆ ಭಾಗವನ್ನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಊರಿನ ಹೆಸರು, ಶಿಷ್ಯನ ಹೆಸರುಗಳನ್ನು ಬಿಟ್ಟು. ಗುರುತು ಹಿಡಿಯಲಾರದಂತೆ ಅವರ ಕಣ್ಣುಗಳು ಮುಚ್ಚಲ್ಪಟ್ಟಿದ್ದವೆಂಬ ಮಾತು ಬರುವಾಗ ಕ್ಯಾಮರಾ ಮಲಗಿದವರ ಮುಖಗಳ ಮೇಲಿರುತ್ತದೆ. ಎಮ್ಮಾಹುವಿನ ಶಿಷ್ಯರೂ ದೀರ್ಘ ದಾರಿಯುದ್ದಕ್ಕೂ ವಿಶೇಷವಾದದ್ದೇನನ್ನೂ ಕಂಡಿರಲಿಲ್ಲ. ಅವರ ಜೊತೆಗೆ ನಡೆದವನು ಅವರಿಗೆ ಒಬ್ಬ ದಾರಿಹೋಕ ಮಾತ್ರ.

ಹಾಗಾದರೆ ಚಿತ್ರದಲ್ಲಿ ಬೇಸರವೇ ಇಲ್ಲವೇ? ಇದೆ. ಅದು ಮೌನದಲ್ಲಿಲ್ಲ, ಮಾತಿನಲ್ಲಿದೆ. ರೈಲುಹಳಿಯ ಮೇಲೆ ಸಣ್ಣ ಗಾಡಿಯಲ್ಲಿ ಸಾಗುವ ಹೆಚ್ಚುಕಡಿಮೆ ನಾಲ್ಕು ನಿಮಿಷಗಳ ಭಾಗವನ್ನು ನೋಡಿ: ಮಾತಿಲ್ಲ, ತಲೆಗಳ ಹಿಂಬದಿ ಮತ್ತು ಮುಖಗಳಷ್ಟೆ, ಗಾಲಿಗಳ ಲಯಬದ್ಧ ಸದ್ದು ಎದೂವಾರ್ದ್ ಆರ್ತೆಮ್ಯೆವ್‌ನ ಸಂಗೀತದೊಳಗೆ ಮೆಲ್ಲನೆ ಕರಗುತ್ತದೆ, ಆಮೇಲೆ ಕಂದುಬಣ್ಣದ ಲೋಕ ಒಮ್ಮೆಲೇ ಹಸಿರಾಗುತ್ತದೆ. ಒಂದು ಕ್ಷಣವೂ ವ್ಯರ್ಥವಲ್ಲ. ಇದಕ್ಕೆ ವಿರುದ್ಧವಾಗಿ, ಕಲೆ ಮತ್ತು ವಿಜ್ಞಾನದ ನಿರರ್ಥಕತೆಯನ್ನು ಕುರಿತ ಲೇಖಕನ ಉದ್ದುದ್ದ ಭಾಷಣಗಳು, ಜನರಲ್ಲಿ ವಿಶ್ವಾಸದ ಇಂದ್ರಿಯವೇ ಬತ್ತಿಹೋಗಿದೆಯೆಂದು ಕಡೆಯಲ್ಲಿ ಸ್ಟಾಕರ್ ಮಾಡುವ ಪ್ರಲಾಪ, ಇವು ನಾವು ಆಗಲೇ ಕಂಡದ್ದನ್ನು ಮತ್ತೆ ವಿವರಿಸುತ್ತವೆ. ತೋರಿಸಬಲ್ಲವನು ಬೋಧಿಸತೊಡಗಿದಾಗ ಕಲೆ ಜಡವಾಗುತ್ತದೆ. (ಬೋಧಕರಾದ ನಮಗೆ ಇದನ್ನು ಒಪ್ಪುವುದು ಕಷ್ಟ.)

ನಾಲ್ಕನೆಯ ಶತಮಾನದ ಮರುಭೂಮಿಯ ಸನ್ಯಾಸಿ ಎವಾಗ್ರಿಯುಸ್ ಬೇಸರವನ್ನು ‘ಮಧ್ಯಾಹ್ನದ ದೆವ್ವ’ವೆಂದು ಕರೆದನು. ಅದರ ವಶವಾದವನಿಗೆ ಸೂರ್ಯನು ಚಲಿಸದಂತೆ ಕಾಣುತ್ತಾನೆ. ಆತ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬಂದಾರೆಯೇ ಎಂದು. ಚಿತ್ರದ ನಡುವೆ ಗಡಿಯಾರ ನೋಡುವ ಪ್ರೇಕ್ಷಕನಿಗೂ ಆರಾಧನೆಯ ನಡುವೆ ಫೋನು ನೋಡುವ ಸಭಿಕನಿಗೂ ಈ ವರ್ಣನೆ ಸಲ್ಲುತ್ತದೆ. ಆದರೆ ಎಲ್ಲ ಬೇಸರವನ್ನೂ ಕೇಳುಗನ ಪಾಪದ ಲೆಕ್ಕಕ್ಕೆ ಬರೆಯುವುದು ಸಭಾಪಾಲಕನಿಗೆ ತೀರ ಅನುಕೂಲವಾದ ದೈವಶಾಸ್ತ್ರ. ಸಂಸ್ಕಾರದಲ್ಲಿ ಕರ್ತನ ಮೇಜಿನ ಮುಂದಿನ ಮೌನವನ್ನು ಅರ್ಧ ನಿಮಿಷಕ್ಕೆ ಇಳಿಸಿ, ಪ್ರಕಟಣೆಗಳಿಗೆ ಹತ್ತು ನಿಮಿಷ ಕೊಡುವ ನಮ್ಮ ರೂಢಿಯಲ್ಲಿ ಬೇಸರ ಎಲ್ಲಿ ಹುಟ್ಟುತ್ತಿದೆಯೆಂಬುದನ್ನು ವಿಚಾರಿಸಬೇಕಾಗಿದೆ.

ಕೊನೆಗೆ ಮೂವರೂ ಕೋಣೆಯ ಹೊಸ್ತಿಲನ್ನು ಮುಟ್ಟುತ್ತಾರೆ, ಆದರೆ ಯಾರೂ ಒಳಗೆ ಹೋಗುವುದಿಲ್ಲ. ಈ ಹಿಂದೆ ಮತ್ತೊಬ್ಬ ಮಾರ್ಗದರ್ಶಿ ಸತ್ತ ತಮ್ಮನಿಗಾಗಿ ಬೇಡಲು ಬಂದು, ಹಿಂದಿರುಗಿ ಐಶ್ವರ್ಯವಂತನಾಗಿ, ನೇಣು ಹಾಕಿಕೊಂಡಿದ್ದ. ಕೋಣೆ ಕೊಡುವುದು ಬಾಯಿ ಕೇಳಿದ್ದನ್ನಲ್ಲ, ಹೃದಯ ಬಯಸಿದ್ದನ್ನು. ಅದನ್ನು ತಿಳಿದ ಲೇಖಕ ಹಿಂಜರಿಯುತ್ತಾನೆ. ಕೋಣೆಯನ್ನೇ ಸಿಡಿಸಲೆಂದು ಬಾಂಬು ಹೊತ್ತು ತಂದಿದ್ದ ವಿಜ್ಞಾನಿ ಅದನ್ನು ಬಿಚ್ಚಿ ನೀರಿಗೆ ಎಸೆಯುತ್ತಾನೆ. ಮೂವರೂ ನೆಲದ ಮೇಲೆ ಒರಗಿ ಕುಳಿತಿರುತ್ತಾರೆ. ಮಳೆ ಒಳಗೇ ಸುರಿಯುತ್ತದೆ, ನಿಲ್ಲುತ್ತದೆ. ಈ ದೀರ್ಘ ಶಾಟ್‌ನಲ್ಲಿ ಕ್ಯಾಮರಾ ಅವರ ಜೊತೆಯಲ್ಲಿಲ್ಲ. ಅದು ಕೋಣೆಯ ಒಳಗಿನಿಂದ ಅವರನ್ನು ನೋಡುತ್ತಿದೆ. ಅವರು ದಾಟಲಾರದ ಹೊಸ್ತಿಲನ್ನು ನಾವು ದಾಟಿ ಆಗಿದೆ.

ಚಿತ್ರದ ಆರಂಭದಲ್ಲಿ ಸಾಗಿಹೋಗುವ ರೈಲಿನ ಅದುರಿಗೆ ಹಾಸಿಗೆಯ ಪಕ್ಕದ ಲೋಟ ಸರಿಯುತ್ತದೆ. ಅಂತ್ಯದಲ್ಲಿ ಸ್ಟಾಕರ್‌ನ ನಡೆಯಲಾರದ ಮಗಳು ಮೇಜಿನ ಮೇಲೆ ತಲೆಯಿಟ್ಟು ನೋಡುತ್ತಿರುವಾಗ ಲೋಟಗಳು ಮತ್ತೆ ಸರಿಯುತ್ತವೆ. ಈ ಸಲ ರೈಲಿನ ಸದ್ದು ಜೋರಾಗುವುದು ಅನಂತರ.