ಉಪಗ್ರಹವೋ ಉಪಕಾರವೋ? ತತ್ತ್ವಾರ್ಥಸೂತ್ರದ ಒಂದು ಪದ ಮತ್ತು ಅದರ ಅನುವಾದಗಳು

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ಓದಿ ಅರ್ಥ ಹೇಳುವ ಪದ್ಧತಿ ನಮ್ಮ ಬಸದಿಗಳಲ್ಲಿ ನಡೆದುಬಂದಿದೆ. ನವಲಗುಂದ ಸೀಮೆಯ ಒಂದು ಹಳ್ಳಿಯಲ್ಲಿ ಐದನೆಯ ದಿನದ ಪ್ರವಚನವನ್ನು ನಾನು ಮುಗಿಸಿದಾಗ, ಒಕ್ಕಲುತನದ ವೃದ್ಧ ಶ್ರಾವಕರೊಬ್ಬರು ಗೋಡೆಯ ಬರಹವನ್ನು ತೋರಿಸಿ ಕೇಳಿದರು: "ಪಂಡಿತರ, ಹೋದ ವರ್ಷ ನನ್ನ ಕಡ್ಲಿ ಹೊಲಾ ತಿಂದ ಕೀಡಿ ನನಗ ಯಾವ ಉಪಕಾರ ಮಾಡೇತ್ರಿ?" ಗೋಡೆಯ ಮೇಲೆ ಆ ಅಧ್ಯಾಯದ 21ನೆಯ ಸೂತ್ರವೂ, ಅದರ ಕೆಳಗೆ ಜೀವಿಗಳು ಒಂದಕ್ಕೊಂದು ಉಪಕಾರ ಮಾಡಬೇಕೆಂಬ ಕನ್ನಡ ವಾಕ್ಯವೂ ಇದ್ದುವು. ಇಪ್ಪತ್ತು ವರ್ಷಗಳಿಂದ ನಾನು ಹೇಳುತ್ತ ಬಂದ ಅರ್ಥವೂ ಅದೇ. ಅವರಿಗೆ ಕೊಡಲು ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಈ ಸೂತ್ರವು ಮನೆಮಾತಾದುದು ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ (1974-75) ಸಂದರ್ಭದಲ್ಲಿ ಸಮಸ್ತ ಜೈನರ ಲಾಂಛನದ ಕೆಳಗೆ ಅದನ್ನು ಬರೆದಂದಿನಿಂದ. ಮೂಲದಲ್ಲಿರುವ ಪದ 'ಉಪಗ್ರಹ'. 1975ರಲ್ಲಿಯೇ ಆರ್ಯಭಟವು ಆಕಾಶಕ್ಕೇರಿದ ಮೇಲೆ ಕನ್ನಡಿಗರ ಕಿವಿಗೆ ಆ ಪದದ ಅರ್ಥವೇ ಬೇರೆಯಾಯಿತು. ಆದುದರಿಂದ ಅನುವಾದಕರು 'ಉಪಕಾರ'ವನ್ನು ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಂದಿನ ಕನ್ನಡದಲ್ಲಿ ಉಪಕಾರವೆಂದರೆ ದಯೆಯಿಂದ ಮಾಡಿದ ಒಳಿತು. ಮೂಲದಲ್ಲಿಲ್ಲದ 'ಮಾಡಬೇಕು' ಎಂಬ ವಿಧಿಯೂ ಅದರ ಬೆನ್ನಿಗೆ ಬಂದು ಸೇರಿತು.

ಸೂತ್ರವು ನಿಂತಿರುವ ಸ್ಥಳವನ್ನು ಮೊದಲು ನೋಡತಕ್ಕದ್ದು. ಐದನೆಯ ಅಧ್ಯಾಯವು ದ್ರವ್ಯವಿಚಾರದ್ದು, ಆಚಾರದ್ದಲ್ಲ. 17ನೆಯ ಸೂತ್ರದಿಂದ ಮುಂದೆ ಒಂದೊಂದು ದ್ರವ್ಯದ ಕಾರ್ಯವನ್ನು ಹೇಳಲಾಗಿದೆ. ಆ 17ನೆಯ ಸೂತ್ರದಲ್ಲಿಯೇ 'ಉಪಗ್ರಹ', 'ಉಪಕಾರ' ಎಂಬ ಎರಡು ಪದಗಳೂ ಒಟ್ಟಿಗಿವೆ. ಮೀನಿನ ಚಲನೆಗೆ ನೀರಿದ್ದಂತೆ ಧರ್ಮದ್ರವ್ಯವು ಗತಿಗೆ ನಿಮಿತ್ತ. ಅದಕ್ಕೆ ದಯೆಯೂ ಇಲ್ಲ, ಸಂಕಲ್ಪವೂ ಇಲ್ಲ. 20ನೆಯ ಸೂತ್ರದಲ್ಲಿ ಸುಖ, ದುಃಖ, ಜೀವಿತ, ಮರಣ ಈ ನಾಲ್ಕೂ ಪುದ್ಗಲದ ಉಪಗ್ರಹಗಳೆಂದಿದೆ. ಮರಣವೂ 'ಉಪಗ್ರಹ'ವಾದರೆ ಆ ಪದಕ್ಕೆ ಕೃಪೆಯೆಂಬ ಅರ್ಥ ಹೇಗೆ ಹೊಂದೀತು?

ಈ ಪ್ರಶ್ನೆಯನ್ನು ಹಿಡಿದು ವ್ಯಾಖ್ಯಾನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದೆ. ಶ್ವೇತಾಂಬರ ಸಂಪ್ರದಾಯದ ಭಾಷ್ಯವು (ನಮ್ಮ ಆಮ್ನಾಯವು ಅದನ್ನು ಸೂತ್ರಕಾರರ ಕೃತಿಯೆಂದು ಒಪ್ಪುವುದಿಲ್ಲ) ಹಿತ ಅಹಿತಗಳ ಉಪದೇಶದ ಮೂಲಕ ಜೀವಗಳ ಪರಸ್ಪರ ಉಪಗ್ರಹವನ್ನು ವಿವರಿಸುತ್ತದೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಸ್ವಾಮಿ ಮತ್ತು ಭೃತ್ಯ, ಆಚಾರ್ಯ ಮತ್ತು ಶಿಷ್ಯ ಎಂಬ ದೃಷ್ಟಾಂತಗಳನ್ನು ಕೊಡುತ್ತಾರೆ. ಪ್ರವಚನಕಾರರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತೇವೆ. ಆದರೆ ಪೂಜ್ಯಪಾದರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉಪಕಾರದ ಅಧಿಕಾರವು ಮೊದಲೇ ನಡೆದಿರುವಾಗ ಇಲ್ಲಿ 'ಉಪಗ್ರಹ'ವೆಂಬ ಮಾತು ಮತ್ತೆ ಏಕೆ ಎಂದು ತಾವೇ ಶಂಕಿಸಿ, ಹಿಂದಿನ ಸೂತ್ರದ ಸುಖಾದಿ ನಾಲ್ಕನ್ನು ಇಲ್ಲಿಗೂ ತರುವುದಕ್ಕಾಗಿ ಎಂದು ಸಮಾಧಾನ ಹೇಳುತ್ತಾರೆ. ಎಂದರೆ ಜೀವವು ಇನ್ನೊಂದು ಜೀವದ ಸುಖಕ್ಕೆ ಮಾತ್ರವಲ್ಲ, ದುಃಖಕ್ಕೂ ಮರಣಕ್ಕೂ ನಿಮಿತ್ತವಾಗುತ್ತದೆ. ಈ ಪಂಕ್ತಿಯನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೆ ಓದಿದ್ದು ಗೋಡೆಯ ಮೇಲಿನ ಕನ್ನಡದ ಕಣ್ಣಿನಿಂದ.

ಇಂಗ್ಲಿಷ್ ಅನುವಾದಗಳೂ ಒಂದೇ ದಾರಿ ಹಿಡಿದಿಲ್ಲ. ಜೆ. ಎಲ್. ಜೈನಿಯವರು (1920) ಆಧಾರವೆಂಬ ಅರ್ಥವನ್ನೂ, ಸರ್ವಾರ್ಥಸಿದ್ಧಿಯನ್ನು ಅನುವಾದಿಸಿದ ಎಸ್. ಎ. ಜೈನರು (1960) ಸಹಾಯವೆಂಬ ಅರ್ಥವನ್ನೂ, ನಥಮಲ್ ಟಾಟಿಯಾ ಅವರು (1994) ಸೇವೆಯೆಂಬ ಅರ್ಥವನ್ನೂ ಹಿಡಿದಿದ್ದಾರೆ. ನನ್ನ ಮಟ್ಟಿಗೆ ಜೈನಿಯವರದು ಮೂಲಕ್ಕೆ ಸಮೀಪ. ಟಾಟಿಯಾ ಅವರ ಪದವು ಅತಿ ದೂರ, ಆದರೂ ಉಭಯ ಸಂಪ್ರದಾಯಗಳ ವ್ಯಾಖ್ಯಾನಗಳನ್ನು ಒಂದೆಡೆ ತಂದ ಉಪಕಾರ (ಇಲ್ಲಿ ಈ ಪದ ಸಲ್ಲುತ್ತದೆ) ಅವರದೇ. 1990ರಲ್ಲಿ ಎಲ್. ಎಂ. ಸಿಂಘ್ವಿಯವರು ಸಿದ್ಧಪಡಿಸಿದ ಪ್ರಕೃತಿ ಕುರಿತ ಜೈನ ಘೋಷಣೆಯು ಇದನ್ನು ಜೀವಗಳ ಪರಸ್ಪರಾವಲಂಬನೆಯೆಂದು ಓದಿತು. ಇದು ಪರಿಸರವಾದಿಗಳಿಗಾಗಿ ಹೊಲಿದ ಹೊಸ ಅಂಗಿಯೆಂದು ನಾನೂ ಹಗುರವಾಗಿ ಮಾತನಾಡಿದ್ದುಂಟು. ಈಗ ನೋಡಿದರೆ, ನಮ್ಮ ಗೋಡೆಯ ವಾಕ್ಯಕ್ಕಿಂತ ಪೂಜ್ಯಪಾದರಿಗೆ ಆ ಓದೇ ಹತ್ತಿರದ್ದು. ಅವಲಂಬನೆಯಲ್ಲಿ ಹಾನಿಗೂ ಸ್ಥಳವಿದೆ, ದಯೆಯಲ್ಲಿ ಇಲ್ಲ.

ಅನುವಾದಗಳಿಂದ ಶಾಸ್ತ್ರಾರ್ಥವನ್ನು ನಿರ್ಣಯಿಸುವುದೇ ಎಂದು ವಿದ್ವಾಂಸರು ಆಕ್ಷೇಪಿಸಬಹುದು. ನಿರ್ಣಯವು ಮೂಲದಿಂದಲೇ ಆಗತಕ್ಕದ್ದು. ಮೂಲದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಅನುವಾದಗಳ ಭೇದವು ತೋರಿಸುತ್ತದೆ. ಮೇಲಾಗಿ ದೇಶಭಾಷೆಯ ವೃತ್ತಿಯನ್ನು ಕೀಳಾಗಿ ಕಾಣಲು ಕನ್ನಡಿಗರಿಗಂತೂ ಕಾರಣವಿಲ್ಲ. ಕೇಶವವರ್ಣಿಯು 1359ರಲ್ಲಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಅದನ್ನನುಸರಿಸಿ ನೇಮಿಚಂದ್ರನು ಸಂಸ್ಕೃತ ಜೀವತತ್ತ್ವಪ್ರದೀಪಿಕೆಯನ್ನು ರಚಿಸಿದನು. ಅದರ ಆಧಾರದಿಂದ ಜಯಪುರದ ಟೋಡರಮಲ್ಲರು ಹದಿನೆಂಟನೆಯ ಶತಮಾನದಲ್ಲಿ ಢೂಂಢಾರಿ ಭಾಷೆಯ ಟೀಕೆಯನ್ನು ಬರೆದರು. ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ಭ್ರಮೆ ಬಹುಕಾಲ ಉಳಿದಿತ್ತು. ಅದನ್ನು ನಿವಾರಿಸಿದವರು ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು. ಇಲ್ಲಿ ಸಂಸ್ಕೃತವೇ ಕನ್ನಡದ ಅನುವಾದ. ತತ್ತ್ವಾರ್ಥಸೂತ್ರಕ್ಕೂ ದಿವಾಕರನಂದಿ, ಬಾಲಚಂದ್ರರ ಕನ್ನಡ ವೃತ್ತಿಗಳುಂಟು. ಪ್ರತಿಗಳನ್ನು ಸೂಚಿಪಟ್ಟಿಗೆ ಸೇರಿಸಿ ಕಟ್ಟಿಡುವ ನಾವು, 'ಉಪಗ್ರಹ'ದಂತಹ ಒಂದೊಂದು ಪದವನ್ನು ಅವರು ಹೇಗೆ ಕನ್ನಡಿಸಿದರೆಂಬುದನ್ನು ಕ್ರಮವಾಗಿ ತೆಗೆದು ಪ್ರಕಟಿಸಿದ್ದರೆ, ಗೋಡೆಯ ಬರಹಕ್ಕೆ ಮೇಲಾದ ಮಾತು ಸಿಕ್ಕುತ್ತಿತ್ತು.

ಭೇದಗಳೆಲ್ಲವೂ ಅರ್ಥಗಳಲ್ಲವೆಂಬುದನ್ನೂ ಹೇಳಬೇಕು. ಇತ್ತೀಚಿನ ಪುಸ್ತಿಕೆಗಳಲ್ಲಿ ಈ ಸೂತ್ರಕ್ಕೆ 'ಪ್ರೇಮ'ವೆಂದು ಅರ್ಥ ಬರೆಯುವುದು ಕಂಡುಬರುತ್ತದೆ. ನಾನು ನೋಡಿದ ಯಾವ ವ್ಯಾಖ್ಯಾನದಲ್ಲಿಯೂ ಅದಕ್ಕೆ ಆಧಾರವಿಲ್ಲ. ಮೈತ್ರಿ, ಕಾರುಣ್ಯಗಳ ಮಾತನ್ನು ಸೂತ್ರಕಾರರು ಏಳನೆಯ ಅಧ್ಯಾಯದಲ್ಲಿ ಬೇರೆಯಾಗಿ ಹೇಳಿದ್ದಾರೆ. ಇಲ್ಲಿ ಹೇಳಿರುವುದು ವಸ್ತುಸ್ಥಿತಿ.

ಮರುವರ್ಷ ಅದೇ ಐದನೆಯ ದಿನ, ಭಾಷ್ಯ, ಸರ್ವಾರ್ಥಸಿದ್ಧಿ ಮತ್ತು ಮೂರು ಇಂಗ್ಲಿಷ್ ಅನುವಾದಗಳ ಅಭಿಪ್ರಾಯಗಳನ್ನು ಒಂದಾದ ಮೇಲೊಂದು ಹೇಳಿದೆ. ಕೀಡೆ ನಿಮ್ಮ ದುಃಖಕ್ಕೆ ನಿಮಿತ್ತವಾಯಿತು, ಔಷಧ ಹೊಡೆದಾಗ ನೀವು ಅದರ ಮರಣಕ್ಕೆ ನಿಮಿತ್ತರಾದಿರಿ, ಸೂತ್ರ ಹೇಳುವುದು ಈ ನಂಟನ್ನು ಎಂದೆ. ಆರಂಭೀ ಹಿಂಸೆಯ ವಿಚಾರವನ್ನು ಒಕ್ಕಲಿಗರ ಮುಂದೆ ಇಷ್ಟು ನೇರವಾಗಿ ನಾನು ಹಿಂದೆ ಎತ್ತಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಗ್ವಾಡಿ ಮ್ಯಾಲಿಂದು ಅಳಿಸಬೇಕೇನ್ರಿ?" ಎಂದರು. ಮೇಲಿನ ಸಾಲು ಇರಲಿ, ಕೆಳಗಿನ ಕನ್ನಡವನ್ನಷ್ಟೇ ತಿದ್ದೋಣವೆಂದೆ. ಯಾವ ಪದವನ್ನಿಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. 'ನಿಮಿತ್ತ' ಸರಿಯಾದರೂ ಹಳ್ಳಿಯಲ್ಲಿ ಅದಕ್ಕೆ ಶಕುನವೆಂಬ ಅರ್ಥವೂ ಇದೆ.