ಒಬ್ಬಟ್ಟು ತರಿಸಬಹುದು, ಸಾರು ತರಿಸಲಾದೀತೆ?

ಯುಗಾದಿಗೆ ಇನ್ನು ಹತ್ತು ದಿನ. ಹಬ್ಬದೂಟಕ್ಕೆ ಹನ್ನೆರಡು ಜನರನ್ನು ಕರೆದರೆ ಯಾವ ದಿನ ಏನು ಮಾಡಿಟ್ಟುಕೊಳ್ಳಬೇಕು ಎಂಬ ಪಟ್ಟಿಯನ್ನು ಈ ವಾರ ಕೊಡುತ್ತೇನೆ ಎಂದಿದ್ದೆ. ಅದರಲ್ಲಿ ಸುಲಭದ್ದೆಲ್ಲ ಬೇಗ ಮುಗಿಯಿತು. ಸಾರಿನ ಪುಡಿ ಈ ವಾರವೇ ಹುರಿದು ಪುಡಿ ಮಾಡಿಡಿ. ಬೆಣ್ಣೆ ಕಾಯಿಸುವುದು ಹಬ್ಬಕ್ಕೆ ನಾಲ್ಕು ದಿನ ಮೊದಲು. ಬಾಳೆಎಲೆಯನ್ನು ಎರಡು ದಿನ ಮುಂಚೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಹಬ್ಬದ ಹಿಂದಿನ ಸಂಜೆ ಮಾರುಕಟ್ಟೆಗೆ ಹೋದವರಿಗೆ ಸಿಗುವುದು ಹರಿದ ಎಲೆ, ತೆರುವುದು ಹೆಚ್ಚಿನ ದುಡ್ಡು. ಮಾವಿನಕಾಯಿ ಚಿತ್ರಾನ್ನದ ಗೊಜ್ಜು ಹಿಂದಿನ ರಾತ್ರಿ ರುಬ್ಬಿಡಬಹುದು. ಕೋಸಂಬರಿಯ ಹೆಸರುಬೇಳೆ ಬೆಳಗ್ಗೆ ನೆನೆಯಲಿ, ಅದಕ್ಕೆ ಉಪ್ಪು ಬೀಳುವುದು ಎಲೆ ಹಾಕಿದ ಮೇಲೆಯೇ. ಈ ಅಂಕಣವನ್ನು ಓದುತ್ತ ಬಂದವರಿಗೆ ಇಷ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಟ್ಟಿ ನಿಂತದ್ದು ಒಬ್ಬಟ್ಟಿನ ಸಾರಿನ ಮುಂದೆ. ಅದನ್ನು ಯಾವ ದಿನದ ಲೆಕ್ಕಕ್ಕೆ ಬರೆಯಬೇಕು? ಈ ಪ್ರಶ್ನೆಯೇ ಉಳಿದದ್ದಕ್ಕಿಂತ ದೊಡ್ಡದೆಂದು ಕಂಡಿತು. ಪಟ್ಟಿಯನ್ನು ಅಲ್ಲಿಗೇ ಬಿಟ್ಟಿದ್ದೇನೆ. ಈ ವಾರ ಸಾರಿನದೇ ಮಾತು.

ಒಬ್ಬಟ್ಟು ಹಬ್ಬದ ಅಡುಗೆ, ಸಾರು ಅದರ ಜೊತೆಗೆ ಬರುವ ಉಪಕಥೆ ಎಂದು ತಿಳಿದವರು ಬಹಳ. ನನ್ನ ಮಟ್ಟಿಗೆ ಹಬ್ಬದ ಮನೆಯ ಕೈಗುಣ ತಿಳಿಯುವುದು ಸಾರಿನಲ್ಲೇ. ಒಬ್ಬಟ್ಟಿಗೆ ಬೆಲ್ಲ, ತುಪ್ಪ, ಏಲಕ್ಕಿಯ ಬಲವಿದೆ. ಅದು ಸ್ವಲ್ಪ ಹಿಂದೆಮುಂದೆಯಾದರೂ ಯಾರೂ ಬೇಡವೆನ್ನುವುದಿಲ್ಲ. ಸಾರಿಗೆ ಹಾಗಲ್ಲ. ಹುಳಿ, ಖಾರ, ಉಪ್ಪಿನ ಹಿಂದೆ ಬೆಲ್ಲ ಬೆಲ್ಲವೆನ್ನಿಸದ ಹಾಗೆ ನಿಲ್ಲಬೇಕು. ಅದಕ್ಕೆಲ್ಲ ಆಧಾರ ಬೇಳೆಯ ಕಟ್ಟು. ಆ ಕಟ್ಟು ಸಿಗುವುದು ಹೂರಣಕ್ಕೆ ಬೇಳೆ ಬೇಯಿಸಿದ ಮನೆಯಲ್ಲಿ ಮಾತ್ರ.

ಒಬ್ಬಟ್ಟನ್ನು ಅಂಗಡಿಯಿಂದ ತರಿಸುವ ಪದ್ಧತಿಯ ಮೇಲೆ ನನ್ನ ಹಳೆಯ ಜಗಳ ಇದೇ. ಅಂಗಡಿಯ ಒಬ್ಬಟ್ಟು ಕೆಟ್ಟದ್ದೆಂದು ನಾನು ಯಾವತ್ತೂ ಬರೆದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಕಾವಲಿಯ ಮುಂದೆ ನಿಂತು ಬಿಸಿಬಿಸಿ ತಟ್ಟಿಕೊಡುವವರ ಕೈಚಳಕವನ್ನು ನಿಂತು ನೋಡಬೇಕು. ಕನಕವನ್ನು ಅಷ್ಟು ತೆಳ್ಳಗೆ ಎಳೆಯುವುದು ಎಲ್ಲರಿಗೂ ಬರುವಂಥದ್ದಲ್ಲ. ಆದರೆ ಮೂವತ್ತು ಒಬ್ಬಟ್ಟು ಕಟ್ಟಿಸಿಕೊಂಡು ಬಂದ ಮನೆಯಲ್ಲಿ ಆ ಮಧ್ಯಾಹ್ನ ಅನ್ನಕ್ಕೆ ಏನು ಬಡಿಸುತ್ತಾರೆ? ಕುಕ್ಕರಿನಲ್ಲಿ ಬೇರೆಯಾಗಿ ಒಂದು ಹಿಡಿ ಬೇಳೆ ಬೇಯಿಸಿ, ಬೆಲ್ಲದ ಚೂರು ಹಾಕಿ ಕುದಿಸಿದ್ದು. ಅದು ಸಿಹಿಯಾದ ಬೇಳೆ ಸಾರು. ಒಬ್ಬಟ್ಟು ಕೊಂಡವರು ಅರ್ಧ ಹಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ಅಷ್ಟು ಒಬ್ಬಟ್ಟು ಮಾಡುವ ಅಂಗಡಿಯವರು ಅಷ್ಟೂ ಕಟ್ಟನ್ನು ಏನು ಮಾಡುತ್ತಾರೋ ಎಂಬ ಚಿಂತೆ ನನಗೆ ಪ್ರತಿ ಯುಗಾದಿಗೂ ಬರುತ್ತದೆ.

ಹನ್ನೆರಡು ಜನರಿಗೆ ಒಂದು ಕಿಲೋ ತೊಗರಿಬೇಳೆ ಸಾಕು. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಬೆಲ್ಲ ಹಾಕಿದರೆ ಸಣ್ಣ ನಿಂಬೆಹಣ್ಣಿನ ಗಾತ್ರದ ಐವತ್ತರ ಆಸುಪಾಸು ಉಂಡೆಯಾಗುತ್ತದೆ. ತಲೆಗೆ ಮೂರು ಒಬ್ಬಟ್ಟು, ಮಾರನೆಯ ದಿನಕ್ಕೂ ಉಳಿಯುತ್ತದೆ. ನೀರು ಮಾತ್ರ ಧಾರಾಳವಾಗಿರಲಿ. ಐದು ಲೀಟರು ಕುದಿಯಲು ಇಟ್ಟು, ಮರಳಿದ ಮೇಲೆ ಬೇಳೆ ಹಾಕಿದರೆ ಕೊನೆಗೆ ಮೂರು ಲೀಟರಿನಷ್ಟು ಕಟ್ಟು ಬಸಿಯುತ್ತದೆ. ಬೇಳೆ ಬೆರಳಲ್ಲಿ ಒತ್ತಿದರೆ ನುರಿಯಬೇಕು, ಪಾತ್ರೆಯಲ್ಲಿ ನೋಡಿದರೆ ಇಡಿಯಾಗಿ ಕಾಣಬೇಕು. ಆ ಗಳಿಗೆ ಬಹಳ ಹೊತ್ತು ಇರುವುದಿಲ್ಲ. ಕುಕ್ಕರ್ ಬೇಡವೆನ್ನುವುದು ಇದಕ್ಕೇ. ಮುಚ್ಚಳ ತೆಗೆಯುವ ಹೊತ್ತಿಗೆ ಬೇಳೆ ಒಡೆದು ಕಟ್ಟೆಲ್ಲ ರಾಡಿಯಾಗಿರುತ್ತದೆ. ಹೂರಣ ಸಡಿಲ, ಸಾರು ಗಟ್ಟಿ, ಎರಡೂ ಹಾಳು.

ಬೇಳೆ ಕೊಳ್ಳುವಾಗ ಹೊಸತೋ ಎಂದು ಕೇಳಿ. ತೊಗರಿ ಕಟಾವು ಆಗುವುದು ಡಿಸೆಂಬರ್, ಜನವರಿಯಲ್ಲಿ. ಹಾಗಾಗಿ ಯುಗಾದಿಯ ಹೊತ್ತಿಗೆ ಹೊಸ ಬೇಳೆ ಅಂಗಡಿಗೆ ಬಂದಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಕಲಬುರಗಿಯ ತೊಗರಿ ಸಿಕ್ಕರೆ ಇನ್ನೂ ಒಳ್ಳೆಯದು. ಬೇಗ ಬೇಯುತ್ತದೆ, ಕಟ್ಟಿಗೆ ಪರಿಮಳ ಬಿಡುತ್ತದೆ. ವರ್ಷ ಕಳೆದ ಬೇಳೆ ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಈ ಕಷ್ಟ ಹೆಚ್ಚು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಬಿಗಿಹಿಡಿಯುತ್ತದೆ, ಬೇಳೆ ಮೆತ್ತಗಾಗುವುದಿಲ್ಲ. ಆ ಒಂದು ದಿನದ ಮಟ್ಟಿಗೆ ಕುಡಿಯುವ ನೀರಲ್ಲೇ ಬೇಳೆ ಬೇಯಿಸಿ. ಬೆಲ್ಲವನ್ನು ಬಸಿಯುವ ಮೊದಲು ಹಾಕುವವರೂ ಇದ್ದಾರೆ. ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದು ನಿಂತಂತೆಯೇ.

ಈಗ ದಿನದ ಪ್ರಶ್ನೆಗೆ ಬರೋಣ. ಹಬ್ಬದ ಬೆಳಗ್ಗೆ ಮನೆಯವರೆಲ್ಲರ ಎಣ್ಣೆಸ್ನಾನ ಇದೆ, ಬೇವುಬೆಲ್ಲ ಇದೆ, ಪೂಜೆ ಇದೆ, ಬಾಗಿಲಿಗೆ ತೋರಣ ಇದೆ. ಅದರ ಮಧ್ಯೆ ಹೂರಣ ರುಬ್ಬಲು ಕೂತರೆ ಊಟ ಮೂರು ಗಂಟೆಗೆ. ಆದ್ದರಿಂದ ಬಲ್ಲವರು ಹೂರಣವನ್ನು ಹಿಂದಿನ ಸಂಜೆಯೇ ಮಾಡಿಡುತ್ತಾರೆ. ಅದು ಸರಿ. ಆದರೆ ಅವರಲ್ಲೇ ಎಷ್ಟೋ ಜನ ಬಸಿದ ಕಟ್ಟನ್ನು ಹಾಗೇ ಮುಚ್ಚಿಟ್ಟು, ಸಾರನ್ನು ನಾಳೆ ಬಿಸಿಯಾಗಿ ಮಾಡೋಣವೆಂದು ಮಲಗುತ್ತಾರೆ. ಚೈತ್ರದ ಸೆಕೆಯಲ್ಲಿ ಬೇಳೆಕಟ್ಟು ಒಂದು ರಾತ್ರಿ ತಡೆಯುವುದಿಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ಮೇಲೆ ಸಣ್ಣ ನೊರೆ, ಮೂಗಿಗೆ ಹುಳಿವಾಸನೆ. ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲ, ನಿಜ. ಆದರೆ ಹಬ್ಬದ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಮೂರು ಲೀಟರಿನ ಪಾತ್ರೆಗೆ ಜಾಗ ಯಾರ ಮನೆಯಲ್ಲಿದೆ?

ಹೂರಣ ಯಾವತ್ತೋ ಸಾರೂ ಅವತ್ತೇ. ಇದೇ ನನ್ನ ವಾದ. ಹಿಂದಿನ ಸಂಜೆ ಬೇಳೆ ಬಸಿದ ಕೂಡಲೇ ಒಂದು ಒಲೆಯಲ್ಲಿ ಬೆಲ್ಲ ಬೆರೆತ ಬೇಳೆ ಇಂಗಲಿ, ಪಕ್ಕದ ಒಲೆಯಲ್ಲಿ ಕಟ್ಟು ಕುದಿಯಲಿ. ಸಾರು ಹಳೆಯದಾದಷ್ಟೂ ರುಚಿ ಏರುವ ಅಡುಗೆ. ಮಾರನೆಯ ದಿನದ ಒಬ್ಬಟ್ಟಿನ ಸಾರನ್ನು ಹೊಗಳದ ಮನೆ ಹಳೆ ಮೈಸೂರು ಸೀಮೆಯಲ್ಲಿಲ್ಲ. ಹಾಗಿದ್ದ ಮೇಲೆ ಆ ಮಾರನೆಯ ದಿನವನ್ನು ಹಬ್ಬಕ್ಕೇ ತಂದುಕೊಂಡರೆ ಕರೆದವರಿಗೂ ಅದು ಸಿಗುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ. ಹಿಂದಿನ ದಿನ ಅಮಾವಾಸ್ಯೆ; ಅವತ್ತು ಹಬ್ಬದಡುಗೆಗೆ ಕೈ ಹಾಕದ ಮನೆಗಳಿವೆ. ತಂಗಳನ್ನು ನೈವೇದ್ಯಕ್ಕೆ ಇಡುವುದಿಲ್ಲ, ಮಡಿಯಲ್ಲಿ ಮಾಡಿದ್ದೇ ಆಗಬೇಕು ಎನ್ನುವವರಿದ್ದಾರೆ. ಆ ಮಾತನ್ನು ನಾನು ಗೌರವಿಸುತ್ತೇನೆ. ಅಂಥ ಮನೆಯಲ್ಲಿ ಐದು ಗಂಟೆಗೆ ಬೇಳೆ ಒಲೆಗೇರಬೇಕು, ಎಣ್ಣೆಸ್ನಾನದ ಸರದಿಯಲ್ಲಿ ಅಡುಗೆಯವರು ಎಲ್ಲರಿಗಿಂತ ಮೊದಲಿರಬೇಕು. ಹಾಗೆ ನಡೆಸುವ ಹಿರಿಯರನ್ನು ಕಂಡಿದ್ದೇನೆ, ಅವರಿಗೆ ಈ ಅಂಕಣ ಬೇಡ. ಉಳಿದವರು ದೇವರ ಪಾಲಿಗೆ ಒಂದು ಬಟ್ಟಲು ಬೇಳೆ ಬೆಳಗ್ಗೆ ಬೇರೆಯಾಗಿ ಬೇಯಿಸಿಕೊಂಡರೆ ಎರಡೂ ನಡೆಯುತ್ತದೆ.

ಮಸಾಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮನೆಮನೆಗೂ ಅದು ಬೇರೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಧನಿಯ, ಜೀರಿಗೆ, ನಾಲ್ಕು ಕಾಳು ಮೆಣಸು, ಒಂದು ಹಿಡಿ ತೆಂಗಿನತುರಿ. ಈರುಳ್ಳಿ ಬೆಳ್ಳುಳ್ಳಿ ಸುಟ್ಟು ರುಬ್ಬುವವರ ಸಾರು ಬೇರೆಯದೇ ಗತ್ತಿನದು. ಇಂಗಿನ ಒಗ್ಗರಣೆಯವರ ಸಾರು ಇನ್ನೊಂದು. ಎರಡೂ ಪಂಗಡಕ್ಕೆ ಒಪ್ಪಿಗೆಯಾಗುವ ಒಂದೇ ನಿಯಮವೆಂದರೆ ರುಬ್ಬುವಾಗ ಎರಡು ಚಮಚ ಹೂರಣವನ್ನು ಮಸಾಲೆಗೆ ಸೇರಿಸುವುದು. ಹುಣಸೆರಸ ಬೀಳುವ ಸಾರನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡಬೇಡಿ. ಅಜ್ಜಿಯ ಕಾಲದ ಪಾತ್ರೆಯನ್ನೇ ಬಳಸುವ ಆಸೆಯಿದ್ದರೆ ಕಲಾಯಿಯವರನ್ನು ಈಗಲೇ ಹುಡುಕಿ.

ಕಡಲೆಬೇಳೆಯ ಕಡೆಯವರು ಪತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದ ಕಟ್ಟಿನ ಸಾರಿನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಕಡಲೆಬೇಳೆಯ ಕಟ್ಟು ತಿಳಿ, ಒಣಕೊಬ್ಬರಿ ಮತ್ತು ಮಸಾಲೆಖಾರದ ಜೊತೆ ಅದಕ್ಕೆ ಬರುವ ಚುರುಕು ತೊಗರಿಗೆ ಬರುವುದಿಲ್ಲ. ಧಾರವಾಡದ ಕಡೆಯ ಮನೆಯಲ್ಲಿ ಹೋಳಿಗೆ ಮುಗಿಸಿ ಬಿಸಿ ಅನ್ನಕ್ಕೆ ಅದನ್ನು ಸುರಿಸಿಕೊಂಡವರಿಗೆ ಗೊತ್ತು. ಹೆಸರು ಬೇರೆ, ಬೇಳೆ ಬೇರೆ. ಕಟ್ಟನ್ನು ಚೆಲ್ಲಬಾರದೆನ್ನುವ ವಿವೇಕ ಎರಡು ಕಡೆಗೂ ಒಂದೇ.

ಅಡುಗೆಯ ಕ್ರಮದ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಮೂರನೆಯ ಮಂಗರಸ. ಹದಿನಾರನೆಯ ಶತಮಾನದ ಆರಂಭದ ಈ ಜೈನ ಕವಿ ‘ಸಮ್ಯಕ್ತ್ವ ಕೌಮುದಿ’ಯಂಥ ಕಾವ್ಯಗಳನ್ನು ಬರೆದವನು, ಅದೇ ಕೈಯಿಂದ ‘ಸೂಪಶಾಸ್ತ್ರ’ವನ್ನೂ ಬರೆದ. ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಬೇಕೆಂದು ಅವನಿಗೆ ಯಾಕೆ ಅನ್ನಿಸಿತು? ಕೈ ಹಿಟ್ಟಿನಲ್ಲಿದ್ದಾಗ ಪುಸ್ತಕ ತಿರುವಲಾಗುವುದಿಲ್ಲ, ಬಾಯಲ್ಲಿರುವ ಪದ್ಯ ಮುಂದಿನ ಹೆಜ್ಜೆಯನ್ನು ತಾನೇ ಹೇಳುತ್ತದೆ ಎಂದು ನನಗೆ ತೋರುತ್ತದೆ. ಗದ್ಯದ ಪಾಕವಿಧಾನದಲ್ಲಿ ಸಾಲು ಹಿಂದೆಮುಂದಾದರೂ ಗೊತ್ತಾಗುವುದಿಲ್ಲ. ಷಟ್ಪದಿಯಲ್ಲಿ ಪ್ರಾಸ ತಪ್ಪಿದರೆ ಕಿವಿಗೆ ಹತ್ತುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಅಡುಗೆಯ ಅರ್ಧ ವಿದ್ಯೆ ಎಂದು ಅವನು ಬಲ್ಲವನಾಗಿರಬೇಕು. ಇನ್ನೂ ಓದದವರು ದಯವಿಟ್ಟು ಓದಿ. ಹಳೆಯ ಕನ್ನಡದ ಭಯ ಎರಡನೆಯ ಪದ್ಯಕ್ಕೆ ಹೋಗುತ್ತದೆ, ಹಸಿವು ಮೂರನೆಯದಕ್ಕೆ ಶುರುವಾಗುತ್ತದೆ.

ಹಬ್ಬದ ಬೆಳಗ್ಗೆ ಉಳಿಯುವ ದೊಡ್ಡ ಕೆಲಸ ಕನಕ. ಚಿರೋಟಿ ರವೆಯೋ ಮೈದಾವೋ, ಚಿಟಿಕೆ ಅರಿಸಿನ ಹಾಕಿ ಸಡಿಲವಾಗಿ ಕಲಸಿ, ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಮುಳುಗಿಸಿಟ್ಟು ಸ್ನಾನಕ್ಕೆ ಹೋಗಿ. ಎಲ್ಲರ ಸ್ನಾನ ಮುಗಿಯುವುದರೊಳಗೆ ಅದು ಹದಕ್ಕೆ ಬಂದಿರುತ್ತದೆ. ಫ್ರಿಜ್ಜಿನ ಹೂರಣವನ್ನು ತಟ್ಟುವ ಎರಡು ಗಂಟೆ ಮೊದಲೇ ಹೊರಗಿಡಿ, ತಣ್ಣನೆಯ ಉಂಡೆ ಕನಕವನ್ನು ಹರಿಯುತ್ತದೆ. ಸಾರನ್ನು ಸಣ್ಣ ಉರಿಯಲ್ಲಿ ಒಂದು ಕುದಿ ತಂದು, ತುಪ್ಪದ ಒಗ್ಗರಣೆಯನ್ನು ಆಗಷ್ಟೇ ಹಾಕಿ. ರಾತ್ರಿ ಹಾಕಿಟ್ಟ ಒಗ್ಗರಣೆಗೆ ಘಮ ಉಳಿಯುವುದಿಲ್ಲ.

ಕುದಿಸುವ ಮೊದಲು ಸಾರನ್ನು ಎರಡು ಪಾತ್ರೆ ಮಾಡಿಕೊಳ್ಳಿ. ದೊಡ್ಡದು ಪಂಕ್ತಿಗೆ. ಚಿಕ್ಕದನ್ನು ಬಡಿಸುವವರ ಕಣ್ಣಿಗೆ ಬೀಳದ ಕಡೆ ಇಟ್ಟಿರಿ. ಹೊಸತೊಡಕಿನ ಬೆಳಗ್ಗೆ ಇಡ್ಲಿಗೆ ಬೇಕಾಗುತ್ತದೆ.